ಒಂದೇ ಸಲ ಕರೆದ ದನಿ

ಜೂನ್ ೧೨, ಗುರುವಾರ. ಸುಳ್ಯ.

ಕುತ್ತಿಗೆ ನೋವು ಇನ್ನೂ ಬಿಟ್ಟಿಲ್ಲ. ಮಧ್ಯಾಹ್ನ ತಮ್ಮನ ಮಗಳು ಭವಿತಾ ಕಂಪ್ಯೂಟರಿನಲ್ಲಿ ದೆವ್ವದ ಆಟ ಆಡಿಸಿದಳು. ಅರ್ಧ ಗಂಟೆಯದ್ದು. ಕತ್ತಲ ಮನೆಯಲ್ಲಿ ನಡೆಯುವವನು ನಾನೇ. ಸದ್ದು ಮಾತ್ರ ಭಾರಿ ಚೆನ್ನಾಗಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದ ‘ಅಟ್ಮಾಸ್ಫಿಯರ್’ ಇದೇ ಇರಬೇಕು.

ಆಟದ ಮನೆಯ ಹೊರಗಿನಿಂದ ಹೆಂಗಸೊಬ್ಬಳು ಒಂದು ಸಲ ಕರೆದಳು. ನಾನು ಬಾಗಿಲು ತೆಗೆಯದೆ ಕುಳಿತದ್ದು ಕಂಡು ಪಕ್ಕದಲ್ಲಿದ್ದ ಭವಿತಾ ಅವಸರ ಮಾಡಿದಳು.

“ಬಾಗಿಲು ತೆಗೀರಿ ದೊಡ್ಡಪ್ಪ, ಎಂತ ನಿದ್ದೆಯಾ?”

“ಮೂರು ಸಲ ಕರೆಯದೆ ಓಗೊಡ್ಲಿಕ್ಕುಂಟಾ? ದೆವ್ವ ಕರೆಯುದು ಒಂದೇ ಸಲ.”

“ಹೀಗೆ ಕೂತ್ರೆ ಆಟ ಮುಗಿಯುದೇ ಇಲ್ಲ ಮಾರಾಯ್ರೆ!”

ಕೊನೆಗೆ ಭವಿತಾಳೇ ಗುಂಡಿ ಒತ್ತಿ ಆ ಬಾಗಿಲು ತೆಗೆದಳು. ದೆವ್ವದ ಮುಖ ಕಂಡದ್ದೇ ಹೆದರಿಕೆ ಹೋಯಿತು. ಅದೇ ಆಟದ ವೀಕ್ನೆಸ್ಸು.

ಒಂದು ಮಾತು ಅವಳಿಗೆ ಹೇಳಲಿಲ್ಲ. ನನ್ನ ಹೆಂಡತಿ ಸೇವಂತಿ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಈಗ ಅವಳು ಅಂಗಳದಿಂದ ಒಂದೇ ಸಲ ಕರೆದರೂ ನಾನು ಎರಡನೆಯದಕ್ಕೆ ಕಾಯುವವನಲ್ಲ. ಸಾಕು, ಕಣ್ಣು ಎಳೆಯುತ್ತಿದೆ.