ಡಬ್ಬಿಗೆ ಬೀಗ ಹಾಕಿಸಬೇಡ, ತಿಪ್ಪೇಶಜ್ಜ

ಸಿರಾ ಬಯಲು, ಹಳೆಯ ಹೆದ್ದಾರಿಯ ಪಕ್ಕ.
ಕ್ರಿ.ಶ. ೨೨೧೪, ಎರಡನೆಯ ಬೇಸಿಗೆಯ ಕೊನೆಯ ತಿಂಗಳು.

ತಿಪ್ಪೇಶಜ್ಜನಿಗೆ, ನಿನ್ನ ಮರಿಮಗನ ಮರಿಮಗಳು ಬಾಳವ್ವ ಮಾಡುವ ನಮಸ್ಕಾರ.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಾಗದದಲ್ಲಿ ನಿನ್ನ ಕಾಲದಲ್ಲಿ ಹುಟ್ಟಿರದ ಪದಗಳು ಬರುತ್ತವೆ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ನೀನು ಎಂದು ಕರೆದದ್ದಕ್ಕೂ ಬೇಸರ ಬೇಡ, ನಮ್ಮ ಕಡೆ ಈಗಲೂ ಅಜ್ಜಂದಿರಿಗೆ ಬಹುವಚನ ಹಚ್ಚುವುದಿಲ್ಲ. ಅಲ್ಲದೆ ಇದನ್ನು ಓದುವ ಹೊತ್ತಿಗೆ ನಿನಗೆ ಮೂವತ್ತೂ ಆಗಿರುವುದಿಲ್ಲ, ನನಗೆ ಅರವತ್ತು ದಾಟಿದೆ. ಸಂಬಂಧದಲ್ಲಿ ನೀನು ಅಜ್ಜ, ವಯಸ್ಸಿನಲ್ಲಿ ನನ್ನ ಮಗನಂತೆ. ನಡುವೆ ಒಂದೆರಡು ಬೈಗುಳ ಬಂದರೆ ಸಹಿಸಿಕೊ.

ನಮ್ಮಲ್ಲಿ ಹಿನ್ನಂಚೆ ಎಂದೊಂದಿದೆ. ಹಿಂದಿನ ಕಾಲದವರಿಗೆ ಕಾಗದ ಕಳಿಸುವ ಏರ್ಪಾಡು ಅದು. ಒಬ್ಬರಿಗೆ ಇಡೀ ಬದುಕಿನಲ್ಲಿ ಒಂದೇ ಕಾಗದ. ಜನ ಅದನ್ನು ಸತ್ತ ತಾಯಿಗೋ, ಮುನಿಸಿಕೊಂಡು ಹೋದ ತಮ್ಮನಿಗೋ ಎಂದು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ನಾನು ಅದನ್ನು ಒಂದು ಕಾರಿನ ಕಂಪ್ಯೂಟರ್ ಡಬ್ಬಿಯ ವಿಷಯಕ್ಕೆ ಖರ್ಚು ಮಾಡುತ್ತೇನೆಂದು ಕೇಳಿ ಓಬಳಯ್ಯ ಹಣೆ ಚಚ್ಚಿಕೊಂಡ. ಅವನು ತಂಪೂರಿನ ಮುದುಕ. ತಂಪೂರೆಂದರೆ ಬಿಸಿಲಿಗೆ ಹೆದರಿ ನೆಲದಡಿಯಲ್ಲಿ ಕಟ್ಟಿಕೊಂಡ ಊರು. "ಊರಿಗೊಂದ್ ದಾರಿ ಆದ್ರೆ ಎಡವಟ್ಟಂಗೊಂದ್ ದಾರಿ ಅಂತಾರಲ್ಲ, ಆ ಎಡವಟ್ಟು ನೀನೇ ಕಣವ್ವ," ಅಂದ. ಅನ್ನಲಿ ಬಿಡು.

ಎಲ್ಲರೂ ತಂಪೂರಿಗೆ ಇಳಿದುಹೋದರು. ಮೇಲೆ ಉಳಿದವಳು ನಾನೊಬ್ಬಳೇ, ಕಾರಣ ನಿನ್ನ ಕೆಂಪು ಕಾರು. ಎಣ್ಣೆ ಸುಟ್ಟು ಓಡುವ ಗಾಡಿಗೆ ನಾವು ಉರಿಗಾಡಿ ಎನ್ನುತ್ತೇವೆ, ಅದನ್ನು ನೆಲದಡಿಗೆ ಒಯ್ಯುವಂತಿಲ್ಲ. ಬೆಳಗ್ಗೆ ಎದ್ದು ಶೆಡ್ಡಿನ ಬಾಗಿಲು ತೆಗೆಯುತ್ತೇನೆ, ಟೈರಿನ ಗಾಳಿ ನೋಡುತ್ತೇನೆ, ಟರ್ಬೋ ಪೈಪಿನಲ್ಲಿ ಗೂಡು ಕಟ್ಟಲು ಬಂದ ಕಣಜಗಳನ್ನು ಓಡಿಸುತ್ತೇನೆ. ಆಮೇಲೆ ರಾಗಿ ಅಂಬಲಿ ಕುಡಿದು ರಸ್ತೆ ನೋಡುತ್ತ ಕೂರುತ್ತೇನೆ. ರಸ್ತೆಯಲ್ಲಿ ತಾನಾಡಿಗಳು ಹೋಗುತ್ತವೆ. ಚಾಲಕನಿಲ್ಲದೆ ತಮ್ಮಷ್ಟಕ್ಕೆ ಹೋಗುವ ಗಾಡಿಗಳವು, ಗಾಜು ಕಪ್ಪು, ಸದ್ದೇ ಇಲ್ಲ. ಒಳಗೆ ಜನ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಮೊದಮೊದಲು ಕೈ ಬೀಸುತ್ತಿದ್ದೆ. ಯಾವುದೂ ನಿಲ್ಲದಿದ್ದ ಮೇಲೆ ಅದನ್ನೂ ಬಿಟ್ಟೆ.

ವರ್ಷಕ್ಕೊಂದು ದಿನ ಮಾತ್ರ ನನ್ನ ಅಂಗಳ ತುಂಬುತ್ತದೆ. ಅದನ್ನು ಸದ್ದಿನ ದಿನ ಎನ್ನುತ್ತಾರೆ, ಅಂದು ಉರಿಗಾಡಿಯನ್ನು ಸ್ಟಾರ್ಟ್ ಮಾಡಿ ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಓಡಿಸಲು ಅಪ್ಪಣೆ ಇದೆ. ತಂಪೂರಿನಿಂದ ಮಕ್ಕಳುಮರಿ ಕಟ್ಟಿಕೊಂಡು ಜನ ಮೇಲೆ ಬರುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಗಲಾಟೆ! ಓಬಳಯ್ಯ ಬಾನೆಟ್ಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿಕೊಳ್ಳುತ್ತಾನೆ. "ಎದೇಲಿ ಗುಡುಗ್ದಂಗೆ ಆಯ್ತದೆ ಕಣವ್ವ" ಎಂದು ಪ್ರತಿ ಸಲವೂ ಅದೇ ಮಾತು. ಹೆಂಗಸರು ನನ್ನ ತಲೆ ಬಾಚಿ ಹೂ ಮುಡಿಸುತ್ತಾರೆ. ಸಂಜೆಗೆ ಎಲ್ಲರೂ ಇಳಿದುಹೋಗುತ್ತಾರೆ. ಆ ಒಂದು ದಿನದ ಮಾತುಗಳನ್ನೇ ಮೆಲುಕು ಹಾಕುತ್ತ ಉಳಿದ ವರ್ಷ ಕಳೆಯುತ್ತೇನೆ.

ಈ ಸಲ ಆ ದಿನಕ್ಕೇ ಕಲ್ಲು ಬಿದ್ದಿದೆ. ಸರಕಾರ ಉರಿಗಾಡಿಗಳಿಗೆಂದು ಕೊಡುತ್ತಿದ್ದ ಪೆಟ್ರೋಲು ನಿಂತುಹೋಯಿತು, ಇನ್ನು ಮುಂದೆ ದಂಟೆಣ್ಣೆ ಮಾತ್ರ. ಜೋಳದ ದಂಟಿನಿಂದ ಬಟ್ಟಿ ಇಳಿಸಿದ ಮದ್ಯಸಾರ ಅದು. ಪೆಟ್ರೋಲಿನಷ್ಟು ಕಸುವಿಲ್ಲ, ಅದೇ ಕೆಲಸಕ್ಕೆ ಒಂದೂವರೆ ಪಟ್ಟು ಸುರಿಯಬೇಕು. ಎಷ್ಟು ಸುರಿಯಬೇಕು, ಕಿಡಿ ಯಾವಾಗ ಹಾರಬೇಕು ಎಂದು ಇಂಜಿನ್ನಿಗೆ ಹೇಳುವುದು ನೀನು ಹಾಕಿಸಿದ ಆ ಕಂಪ್ಯೂಟರ್ ಡಬ್ಬಿ, ಇಸಿಯು. ಅದರ ಮ್ಯಾಪಿನಲ್ಲಿ, ಅಂದರೆ ಅಳತೆಯ ಪಟ್ಟಿಯಲ್ಲಿ, ಇರುವುದೆಲ್ಲ ಪೆಟ್ರೋಲಿನ ಲೆಕ್ಕ. ದಂಟೆಣ್ಣೆ ಹಾಕಿ ಚಾವಿ ತಿರುಗಿಸಿದರೆ ಇಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಸದ್ದಿನ ದಿನದ ಉಸ್ತುವಾರಿಗೆ ಸರಕಾರ ಇಟ್ಟಿರುವ ಸದ್ದಿನ ಸಾಹೇಬ ಕರಿಬಸಪ್ಪ ಬಂದು ನೋಡಿ, "ಮೈಲಿಗಲ್ಲು ಮುಟ್ಲಿಲ್ಲ ಅಂದ್ರೆ ಗಾಡೀನ ಕುಲುಮೆಗೆ ಸಾಗಿಸ್ಬೇಕಾಗ್ತದೆ ತಾಯಿ, ನನ್ ಕೈಲೇನೂ ಇಲ್ಲ," ಎಂದು ತಲೆ ತಗ್ಗಿಸಿ ಹೋದ. ಬೇರೆ ಡಬ್ಬಿ ಹಾಕುವಂತೆಯೂ ಇಲ್ಲ. ಕಾನೂನಿನಲ್ಲಿ ಇಂಜಿನ್ನಿಗೆ ಸೇರಿದ ಒಂದು ಭಾಗ ಬದಲಾದರೂ ಅದು ಹೊಸ ಉರಿಗಾಡಿ, ಹೊಸ ಉರಿಗಾಡಿಗೆ ನಿಷೇಧ.

ಡಬ್ಬಿಯೊಳಗಿನ ಅಳತೆ ತಿದ್ದಿದರೆ ಸಾಕಿತ್ತು, ಅದು ನನಗೆ ಬರುತ್ತದೆ. ಆದರೆ ಅದಕ್ಕೆ ಬೀಗ! ನಿಮ್ಮ ಕಾಲದಲ್ಲಿ ಇಂಜಿನ್ನಿನ ಅಳತೆ ಕೂಡಿಸುತ್ತಿದ್ದ ಟ್ಯೂನರ್‌ಗಳಿಗೆ ಒಂದು ಚಾಳಿ ಇತ್ತಂತೆ. ತಾವು ಕಷ್ಟಪಟ್ಟು ಹದಗೊಳಿಸಿದ ಮ್ಯಾಪನ್ನು ಪಕ್ಕದ ಗ್ಯಾರೇಜಿನವನು ಕದಿಯಬಾರದೆಂದು ಪಾಸ್‌ವರ್ಡ್ ಜಡಿಯುವುದು. ನೀನೂ ಮೀಸೆ ತಿರುವಿ, "ನನ್ ಗಾಡಿಗೆ ಇನ್ಯಾವನೂ ಕೈ ಹಾಕ್ಬಾರ್ದು," ಎಂದು ಪಾಸ್‌ವರ್ಡನ್ನು ನೀನೇ ಹೇಳಿಕೊಟ್ಟೆಯಂತೆ. ಆ ಜಂಬದ ಮಾತು ಇಷ್ಟು ತಲೆಮಾರು ದಾಟಿ ನನ್ನವರೆಗೆ ಬಂದಿದೆ, ಪಾಸ್‌ವರ್ಡ್ ಮಾತ್ರ ಬರಲಿಲ್ಲ. ನಿನ್ನ ಬುದ್ಧಿಗಿಷ್ಟು!

ಊಹಿಸಿ ನೋಡಿದೆ. ನಿನ್ನ ಹೆಂಡತಿಯ ಹೆಸರು, ನಿನ್ನ ತಾಯಿಯ ಹೆಸರು, ಮನೆದೇವರು, ಸಾಕಿದ ನಾಯಿ. ಒಂದು ತಪ್ಪಿದರೆ ಡಬ್ಬಿ ಇಡೀ ದಿನ ಮುನಿಸಿಕೊಳ್ಳುತ್ತದೆ, ಮರುದಿನ ಇನ್ನೊಂದು. ಹೀಗೆ ನಮ್ಮ ವಂಶದವರನ್ನೆಲ್ಲ ದಿನಕ್ಕೊಬ್ಬರಂತೆ ಕರೆದೆ. ಹೆಸರನ್ನು ಬಾಯಿಬಿಟ್ಟು ಹೇಳುತ್ತಲೇ ಒತ್ತುತ್ತಿದ್ದೆ, ಕೇಳುವವರು ಯಾರಿದ್ದಾರೆ? ಅಷ್ಟು ಜನರನ್ನು ಕರೆದರೂ ಒಬ್ಬರೂ ಓಗೊಡಲಿಲ್ಲವಲ್ಲ ಎಂದು ಒಂದು ಮಧ್ಯಾಹ್ನ ಸ್ಟೇರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟೆ.

ಈ ಕಾಗದ ಕೈಗೆ ಬರುವ ಹೊತ್ತಿಗೆ ನೀನು ಇನ್ನೂ ಡಬ್ಬಿ ಕೊಂಡಿಲ್ಲ, ಗ್ಯಾರೇಜಿನ ಮೇಜಿನ ಮುಂದೆ ನಿಂತಿದ್ದೀಯ. ಮೂರು ಡಬ್ಬಿಗಳಿವೆ. ಒಂದು ಸಣ್ಣದು, ಕಾರಿನ ಜೊತೆಗೇ ಬಂದ ಕಂಪನಿಯ ಕಂಪ್ಯೂಟರಿನ ಬೆನ್ನೇರಿ ಅದಕ್ಕೆ ಸುಳ್ಳು ಅಳತೆ ಹೇಳುವಂಥದ್ದು. ದೊಡ್ಡ ಟರ್ಬೋ ಹಾಕಿದ ನಿನ್ನ ಗಾಡಿಗೆ ಅದು ಸಾಲದು, ಬಿಡು. ಎರಡನೆಯದು ಥಳಥಳ ಹೊಳೆಯುವುದು, ಪಾಸ್‌ವರ್ಡ್ ಗೊತ್ತಿಲ್ಲದೆ ಅದರ ಮ್ಯಾಪನ್ನು ಯಾರೂ ತೆರೆಯಲಾಗದು. ನನಗೆ ಗೊತ್ತಿರುವ ಕಥೆಯಲ್ಲಿ ನೀನು ಕೊಂಡದ್ದು ಅದನ್ನೇ. ಮೂರನೆಯದು ನೋಡಲು ಬೋಳು ಬೋಳು. ಬೀಗ ಹಾಕದಿದ್ದರೆ ಯಾವ ಲ್ಯಾಪ್‌ಟಾಪ್ ಸಿಕ್ಕಿಸಿದರೂ ತೆರೆದುಕೊಳ್ಳುತ್ತದೆ, ಟ್ಯಾಂಕಿಗೆ ಬಿದ್ದ ಎಣ್ಣೆ ಯಾವುದೆಂದು ಅಳೆಯುವ ಸೆನ್ಸರಿಗೂ ಅದರಲ್ಲಿ ಜಾಗವಿದೆ. ನಿನಗೆ ಆ ಜಾಗ ದಂಡ ಅನ್ನಿಸುತ್ತದೆ, ಬಂಕಿನಲ್ಲಿ ಪೆಟ್ರೋಲು ಸಿಗುವವನಿಗೆ ಅನ್ನಿಸದೆ ಇನ್ನೇನು? ಅದನ್ನು ಹದಕ್ಕೆ ತರಲು ವಾರಗಟ್ಟಲೆ ಕೂರಬೇಕು. ಅಷ್ಟರಲ್ಲಿ ಗೆಳೆಯರು ನಿನ್ನನ್ನು ಹಿಂದೆ ಹಾಕಿ ನಗುತ್ತಾರೆ. ನಗಲಿ. ಅದನ್ನೇ ತೆಗೆದುಕೊ.

ಇದು ಕಾರಿನ ಮೇಲಿನ ಪ್ರೀತಿಗೆ ಬರೆದ ಕಾಗದವಲ್ಲ ಅಜ್ಜ. ಅಂಗಳಕ್ಕೆ ಇನ್ನೆಂದೂ ಯಾರೂ ಬರುವುದಿಲ್ಲವೇನೋ ಎಂಬ ಹೆದರಿಕೆಗೆ ಬರೆದದ್ದು. ಟ್ಯೂನರ್ ಕೆಲಸ ಮುಗಿಸಿ, "ಲಾಕ್ ಮಾಡ್ಲಾ ಅಣ್ಣ?" ಎಂದು ಕೇಳುತ್ತಾನೆ. ಆಗ ಮೀಸೆಯಿಂದ ಕೈ ತೆಗೆ. "ಬ್ಯಾಡ ಬುಡಪ್ಪ, ಮುಂದೆ ಯಾರಿಗಾರಾ ಬೇಕಾದೀತು," ಅನ್ನು. ಅಷ್ಟು ಸಾಕು.

ಹಿನ್ನಂಚೆಗೆ ಮರುಟಪಾಲಿಲ್ಲ. ಈ ಕಾಗದ ನಿನ್ನ ಕೈ ಸೇರಿತೇ ಎಂದು ಹೇಳುವವರು ಯಾರೂ ಇಲ್ಲ. ಸದ್ದಿನ ದಿನ ಬೆಳಗ್ಗೆ, ಜನ ಮೇಲೆ ಬರುವ ಮೊದಲು, ದಂಟೆಣ್ಣೆ ಸುರಿದು, ಒಬ್ಬಳೇ ಸೀಟಿನಲ್ಲಿ ಕೂತು ಚಾವಿ ತಿರುಗಿಸುತ್ತೇನೆ. ಇಂಜಿನ್ನು ಹಿಡಿದುಕೊಂಡರೆ, ಅಷ್ಟು ದೂರದಿಂದ ನನ್ನ ಮಾತು ಕೇಳಿಸಿಕೊಂಡವರು ಒಬ್ಬರಿದ್ದರು ಎಂದುಕೊಳ್ಳುತ್ತೇನೆ.

ನಿನ್ನ,
ಬಾಳವ್ವ