ತೊಳೆದಿಟ್ಟ ಪಿಸ್ಟನ್‌ಗಳು

ಪ್ರೀತಿಯ ಮೈದುನನಿಗೆ,

ನೀನೂ ನಿಮ್ಮಣ್ಣನೂ ಸೇರಿ ಬಿಚ್ಚಿದ ಹಳೇ ಕಾರಿನ ಎಂಜಿನ್ ಇನ್ನೂ ನಮ್ಮ ಊಟದ ಮೇಜಿನ ಮೇಲೇ ಸಂಸಾರ ಹೂಡಿದೆ. ಯಾವ ಪಿಸ್ಟನ್ ಯಾವ ಗೂಡಿಗೆಂದು ಅವರು ಸೀಮೆಸುಣ್ಣದಲ್ಲಿ ನಂಬರ್ ಬರೆದಿದ್ದರಲ್ಲ, ಜಿಡ್ಡು ತೆಗೆಯಲು ಹೋಗಿ ನಾನು ಎಲ್ಲವನ್ನೂ ಪಾತ್ರೆಯಂತೆ ಬೆಳಗಿಬಿಟ್ಟೆ. ಅವರಿಗೆ ಮರೆವಿನ ಕಾಯಿಲೆ ಶುರುವಾಗಿದೆಯೆಂದು ಡಾಕ್ಟರು ಹೇಳಿದ ವಾರವೇ ಹೀಗಾಗಬೇಕೆ?

"ನಂಬರ್ ಹಾಕೋದೇ ಮರೆತಿದ್ದೀನಿ. ನನ್ನ ತಲೆ ಮುಗೀತು ಕಣೇ" ಎಂದು ಸ್ಪ್ಯಾನರುಗಳನ್ನೆಲ್ಲ ಗುಜರಿಗೆ ಹಾಕಲು ಮೂಟೆ ಕಟ್ಟಿದ್ದಾರೆ. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ತೊಳೆದವಳು ನಾನೇ ಎಂದರೆ, "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ" ಎಂದು ನನ್ನ ತಲೆಯನ್ನೇ ಸವರುತ್ತಾರೆ.

ಅವರು ಬರೆದದ್ದನ್ನು ಕಣ್ಣಾರೆ ಕಂಡವನು ನೀನೊಬ್ಬನೇ. ನಾಳೆಯೇ ಬಂದು ಹೇಳಪ್ಪ. ಬರುವಾಗ ತೊಳೆದರೂ ಹೋಗದ ಬಣ್ಣ ತಾ.

ನಿನ್ನ ಅತ್ತಿಗೆ