ನಿದ್ದೆಯೂರಿನಲ್ಲಿ ನಿನ್ನಪ್ಪ

ಸೋಮವಾರ, ಮಧ್ಯಾಹ್ನ

ನನ್ನ ಚೂಟಿಗೆ,

ಅಮ್ಮನ ಮುತ್ತುಗಳು. ಚಿಕ್ಕಮ್ಮನ ಮನೆಯ ಸಮುದ್ರದ ಗಾಳಿಗೆ ನಿನ್ನ ಕಣ್ಣ ಕೆಳಗಿನ ಕಪ್ಪು ಸ್ವಲ್ಪವಾದರೂ ಅಳಿಸಿರಬೇಕು ಎಂದುಕೊಳ್ಳುತ್ತೇನೆ.

ನೀನು ಮಾಡಿದ ಕಂಪ್ಯೂಟರ್ ಆಟ ಬಿಡುಗಡೆಯಾದ ದಿನವೇ ಫೋನು ಆರಿಸಿ ಓಡಿಹೋದವಳು ನೀನು. ಚಿಕ್ಕಂದಿನಲ್ಲಿ ಪರೀಕ್ಷೆಯ ಫಲಿತಾಂಶ ಬರುವ ದಿನ ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದೆಯಲ್ಲ, ಅದೇ ಬುದ್ಧಿ. "ಜನ ಏನಂದ್ರು ಅಂತ ನೀನೇ ಓದಮ್ಮ, ಒಳ್ಳೇದಿದ್ರೆ ಮಾತ್ರ ಬರಿ" ಅಂದು ಹೋದೆ. ಓದಿದೆ. ಒಳ್ಳೆಯದೂ ಇದೆ, ಅಲ್ಲದ್ದೂ ಇದೆ. ಬರೀ ಒಳ್ಳೆಯದನ್ನು ಬರೆದರೆ ಉಪ್ಪು ಹಾಕದ ಅಡುಗೆಯಾಗುತ್ತದೆ, ಆದ್ದರಿಂದ ಎರಡನ್ನೂ ಬಡಿಸುತ್ತೇನೆ.

ಓದುವುದು ನನ್ನ ಈಜುಕೊಳದ ಟಿಕೆಟ್ ಕಿಟಕಿಯಲ್ಲೇ. ಚೀಟಿ ಹರಿದುಕೊಡುವುದು, ಒಂದು ಅಭಿಪ್ರಾಯ ಓದುವುದು, ಮತ್ತೆ ಚೀಟಿ. ನೀರಿನ ಬೆಳಕು ನನ್ನ ಮೇಜಿನ ಮೇಲೆ ತೇಲಾಡುತ್ತಿರುತ್ತದೆ. ಅದರ ನಡುವೆ ನಿನ್ನ ಆಟದ ಮಾತು ಓದುತ್ತಿದ್ದರೆ ನಾನೇ ನಿನ್ನ ನಿದ್ದೆಯೂರಿನೊಳಗೆ ಕೂತಿದ್ದೇನೋ ಅನ್ನಿಸುತ್ತದೆ. ಇಷ್ಟು ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ನೀನು ಏನು ಮಾಡುತ್ತಿದ್ದೆ ಎಂದು ನನಗೆ ತಿಳಿದದ್ದೇ ಈಗ. ಆಟದಲ್ಲಿ ಕೆಲಸದ ನಡುವೆಯೇ ಇಡೀ ಊರು ನಿದ್ದೆಹೋಗಿದೆ. ಅಂಚೆಯವನು ಸೈಕಲ್ಲಿನ ಮೇಲೆ, ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡು, ಗಂಟೆ ಹೊಡೆಯುವವನು ಹಗ್ಗಕ್ಕೆ ಜೋತುಬಿದ್ದು. ಒಬ್ಬಳೇ ಹುಡುಗಿ ಎಚ್ಚರವಾಗಿದ್ದಾಳೆ. ಮಲಗಿದವರ ತಲೆಯ ಮೇಲೆ ಅವರವರ ಕನಸು ನೀರಗುಳ್ಳೆಯಂತೆ ತೂಗುತ್ತದೆ. ಅದನ್ನು ಒತ್ತಿದರೆ ಹುಡುಗಿ ಒಳಗೆ ಹೋಗುತ್ತಾಳೆ, ಅವರು ಕಳೆದುಕೊಂಡದ್ದನ್ನು ಹುಡುಕಿ ಜೋಳಿಗೆಗೆ ಹಾಕಿಕೊಂಡು ಬರುತ್ತಾಳೆ, ಅವರು ಏಳುತ್ತಾರೆ. ಇಷ್ಟೇ. ಆದರೂ ನಾನು ಮೇಷ್ಟ್ರ ಕನಸಿನ ಮರದ ಕೆಳಗೆ ದಾರಿ ತಪ್ಪಿ, ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟೆ.

ಈಗ ಜನರ ಮಾತು. ಒಬ್ಬ ಬರೆದಿದ್ದಾನೆ: "ಆಡ್ತಾ ಆಡ್ತಾ ನಂಗೇ ನಿದ್ದೆ ಬಂತು. ದುಡ್ಡು ವಾಪಸ್ ಕೊಡಿ." ಅದರ ಕೆಳಗೇ ಇನ್ನೊಬ್ಬರು: "ನಂಗೂ ಬಂತು. ಎಷ್ಟೋ ವರ್ಷದ ಮೇಲೆ ಬಂದ ನಿದ್ದೆ. ದುಡ್ಡು ಸಾಲದಿದ್ರೆ ಇನ್ನಷ್ಟು ತಗೊಳ್ಳಿ." ಚೀಟಿ ಕೊಡುವುದು ಬಿಟ್ಟು ನಕ್ಕೆ. ಸಾಲಿನಲ್ಲಿದ್ದವರು ನನ್ನನ್ನೇ ನೋಡಿದರು. ಆಸ್ಪತ್ರೆಯ ದಾದಿಯೊಬ್ಬಳು ಪಾಳಿ ಮುಗಿಸಿ ಬಸ್ಸಿನಲ್ಲಿ ಆಡುತ್ತಾಳಂತೆ. ತಾನು ಇಳಿಯುವ ನಿಲ್ದಾಣ ತಪ್ಪಿಹೋಯಿತೆಂದು ಸಂತೋಷದಿಂದ ಬರೆದಿದ್ದಾಳೆ. ಒಬ್ಬ ತಾತನ ತೊಡೆಯ ಮೇಲೆ ಮೊಮ್ಮಗಳು ಕೂತು ಅಪ್ಪಣೆ ಕೊಡುತ್ತಾಳಂತೆ, ಆ ಮೋಡ ಒತ್ತು, ಈ ಬೆಕ್ಕನ್ನ ಒತ್ತು ಎಂದು. ಬೆಕ್ಕನ್ನು ಒತ್ತಿದರೆ ಏನೂ ಆಗುವುದಿಲ್ಲ ಎಂದು ಬಹಳ ಜನ ದೂರಿದ್ದಾರೆ. ಬೆಕ್ಕು ಅಂದರೆ ಹಾಗೇ ಅಲ್ಲವೇ?

ಇನ್ನು ಒಳ್ಳೆಯದಲ್ಲದ್ದು. ಅದು ಆಟದ ಕೊನೆಯ ಕ್ಷೌರಿಕನ ವಿಷಯ.

ಅವನನ್ನು ಎಬ್ಬಿಸಲು ಯಾರಿಗೂ ಆಗಿಲ್ಲ, ಚೂಟಿ. ಅವನ ತಲೆಯ ಮೇಲೆ ಕನಸಿಲ್ಲ. ಒಂದು ಅಂಗಡಿ, ಎರಡು ಕುರ್ಚಿ, ಮೂಲೆ ಕಪ್ಪುಗಟ್ಟಿದ ಕನ್ನಡಿ, ಸದ್ದಿಲ್ಲದೆ ತಿರುಗುವ ಫ್ಯಾನು, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಅವನು. ಜನ ಗಂಟೆ ಬಾರಿಸಿದ್ದಾರೆ, ತಣ್ಣೀರು ಎರಚಿದ್ದಾರೆ, ಜೋಳಿಗೆಯಲ್ಲಿದ್ದ ಇರುವೆ ಬಿಟ್ಟಿದ್ದಾರೆ. ಅವನು ಏಳುವುದಿಲ್ಲ, ಅವನು ಏಳದೆ ಆಟ ಮುಗಿಯುವುದಿಲ್ಲ. "ಇದು ಒಗಟಲ್ಲ, ತಪ್ಪು, ಸರಿ ಮಾಡಿ" ಎಂದು ದಿನಾ ಕೂಗು.

ನಿನ್ನ ಸೋಡಾಬುಡ್ಡಿ ಗೆಳತಿ ಶುಕ್ರವಾರ ಮನೆಗೆ ಬಂದಿದ್ದಳು. ಪಾಪ, ಆಟ ಓಡಿಸುವ ಪ್ರೋಗ್ರಾಮೆಲ್ಲ ಬರೆದದ್ದು ಅವಳು, ಬೈಗುಳವೆಲ್ಲ ಅವಳ ತಲೆಗೇ. "ತಪ್ಪೇನಿಲ್ಲ ಆಂಟಿ. ಅವಳು ಬೇಕಂತಲೇ ಹಾಗೆ ಇಟ್ಟಿರೋದು. ಉತ್ತರ ಇದೆ, ಯಾರಿಗೂ ಹೊಳೀತಿಲ್ಲ. ಗಂಟೆ ಬಾರಿಸಿದ್ರೇ ಏಳೋ ಹಾಗೆ ಮಾಡಿಬಿಡ್ತೀನಿ, ಅವಳು ಒಪ್ತಾಳಾ ಕೇಳಿ" ಅಂದಳು. ಉತ್ತರ ಏನೆಂದು ನನಗೂ ಹೇಳಲಿಲ್ಲ, ನಿನಗೆ ಮಾತು ಕೊಟ್ಟಿದ್ದಾಳಂತೆ. ಬದಲಿಸಲು ನೀನು ಒಪ್ಪುತ್ತೀಯಾ ಎಂದು ಕೇಳಲೆಂದೇ ಈ ಪತ್ರ ಶುರುಮಾಡಿದ್ದು. ಆದರೆ ನಿನ್ನೆ ನಡೆದದ್ದನ್ನು ಬರೆಯದೆ ಕೇಳಲಾಗದು. ಅದನ್ನು ಬರೆಯಬೇಕಾದರೆ ನಿನ್ನಿಂದ ಮುಚ್ಚಿಟ್ಟ ಇನ್ನೊಂದನ್ನೂ ಬರೆಯಬೇಕು. ನಿನ್ನಪ್ಪ ಹೊರಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಲಕೋಟೆ ಅಂಟಿಸಿಬಿಡಬೇಕು.

ಅವರ ಬಲಗೈ ನಡುಗುತ್ತಿದೆ. ಕೆಲವು ತಿಂಗಳಾಯಿತು. ಮೊದಲು ಲೋಟ ಹಿಡಿದಾಗ, ಆಮೇಲೆ ಸುಮ್ಮನಿದ್ದಾಗಲೂ. ಒಂದು ದಿನ ಹಳೆಯ ಗಿರಾಕಿಯೊಬ್ಬರಿಗೆ ಗಡ್ಡ ತೆಗೆಯುವಾಗ ಕತ್ತಿ ಜಾರಿ ಕುತ್ತಿಗೆಯ ಹತ್ತಿರ ರಕ್ತ ಬಂತು. ಆತ ಒಳ್ಳೆಯವರು, ಏನೂ ಆಗಿಲ್ಲ ಬಿಡಿ ಅಂದರಂತೆ. ಇವರು ಕತ್ತಿ ಮಡಿಸಿಟ್ಟರು, ಮತ್ತೆ ಬಿಚ್ಚಲಿಲ್ಲ. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ಪ್ರಾಣಕ್ಕೇನೂ ಭಯವಿಲ್ಲ, ಆದರೆ ಕೈ ಮೊದಲಿನಂತಾಗದು ಅಂದರು. ಅಂಗಡಿಯ ಬಾಗಿಲಿಗೆ "ಇಂದು ರಜೆ" ಎಂಬ ಹಲಗೆ ನೇತುಹಾಕಿದ್ದಾರೆ. ಆ "ಇಂದು" ಮುಗಿಯುತ್ತಲೇ ಇಲ್ಲ. ಆದರೂ ದಿನಾ ಹೋಗಿ ಕುರ್ಚಿಯಲ್ಲಿ ಕೂರುತ್ತಾರೆ. ಆ ಮಧ್ಯಾಹ್ನದ ನಿದ್ದೆಯೂ ಹೋಗಿದೆ. ಊರಿಗೆಲ್ಲ ಗೊತ್ತಿದ್ದ ನಿದ್ದೆ ಅದು.

"ಅವಳ ಆಟ ಮುಗಿಯೋ ಹೊತ್ತು, ಹೇಳಬೇಡ" ಅಂದರು. ನೀನು ಕೆಲಸ ಬಿಟ್ಟು ಆಟ ಮಾಡುತ್ತೇನೆಂದಾಗ "ಮಲಗಿರೋರ ಆಟ ಯಾರು ಆಡ್ತಾರೆ?" ಎಂದು ಕೂಗಿದವರೂ ಅವರೇ. ಅಂದಿನಿಂದ ನೀವಿಬ್ಬರೂ ಮಾತು ಬಿಟ್ಟು, ಒಂದೇ ಮನೆಯಲ್ಲಿ ನಾನು ಅಂಚೆಯವಳಾದೆ. ಹಾಗಾಗಿ ನಿನಗೆ ಅವರ ಕೈ ಕಾಣಲಿಲ್ಲ. ನಿನ್ನನ್ನು ದೂರುತ್ತಿಲ್ಲ ಮಗಳೇ. ನೀನು ಊಟಕ್ಕೆ ಬರುವ ಹೊತ್ತಿಗೆ ಅವರು ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದುದು ಕೋಪಕ್ಕಲ್ಲ.

ನಿನ್ನೆ ಭಾನುವಾರ. ಕೊಳ ತೊಳೆಯುವ ದಿನವಾದ್ದರಿಂದ ನಾನು ಮನೆಯಲ್ಲೇ ಇದ್ದೆ. ಊಟದ ಮೇಜಿನ ಮೇಲೆ ನಿನ್ನ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಕ್ಷೌರಿಕನ ಮುಂದೆ ಸೋತು ಕೂತಿದ್ದೆ. ಇವರು ನೀರು ಕುಡಿಯಲು ಬಂದವರು ನನ್ನ ಹಿಂದೆ ನಿಂತರು. ಕನ್ನಡಿಯ ಕಪ್ಪು ಮೂಲೆ ನೋಡಿದರು, ಒಡೆದ ನೆಲಹಾಸು ನೋಡಿದರು. "ಇವನ್ಯಾಕೆ ಏಳ್ತಿಲ್ಲ?" ಅಂದರು.

"ನನ್ನ ಕೇಳಿದ್ರೆ? ನಿಮ್ಮ ಮಗಳು ಮಾಡಿದ್ದು."

"ಸರಿ, ಆ ಕಡೆ ಸರಿ."

ಕೂತರು. ಮೌಸ್ ಹಿಡಿದರೆ ಬಾಣದ ಗುರುತು ನೊಣದ ಹಾಗೆ ಪರದೆಯ ತುಂಬ ಹಾರಾಡಿತು. ನಾನು ಕಿಟಕಿಯ ಕಡೆ ನೋಡಿದೆ. ಕನ್ನಡಿ ಒತ್ತಲು ಹೋದವರು ಕೈತಪ್ಪಿ ಖಾಲಿ ಕುರ್ಚಿ ಒತ್ತಿದರು. ಹುಡುಗಿ ಹತ್ತಿ ಕೂತಳು, ಕಾಲು ನೆಲಕ್ಕೆ ಎಟಕದೆ ತೂಗಾಡಿತು. ಇಳಿಸೋಣವೆಂದರೆ ಗುರಿ ಸಿಗದು. ಬೇಸತ್ತು ಮೌಸ್ ಬಿಟ್ಟು, ಕೈಯನ್ನು ಕಂಕುಳಲ್ಲಿ ಅದುಮಿಕೊಂಡರು. "ಸ್ವಲ್ಪ ಇರು" ಅಂದರು. ನನಗೆ ಅಂದದ್ದೋ, ಹುಡುಗಿಗೋ, ಕೈಗೋ ತಿಳಿಯಲಿಲ್ಲ.

ನಾವು ಸುಮ್ಮನೆ ಕೂತೆವು. ಆಟದೊಳಗೆ ಫ್ಯಾನು ತಿರುಗಿತು. ಬಾಗಿಲಿನಿಂದ ಬಂದ ಬಿಸಿಲಿನ ಪಟ್ಟಿ ನೆಲದ ಮೇಲೆ ಮೆಲ್ಲಗೆ ಸರಿಯತೊಡಗಿತು. ಅದು ಸರಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ಅಷ್ಟು ಹೊತ್ತು ಏನನ್ನೂ ಒತ್ತದೆ ಕೂತಿದ್ದವರು ಯಾರು? ಬಿಸಿಲು ಕುರ್ಚಿಯ ಕಾಲು ಮುಟ್ಟಿತು. ಹುಡುಗಿ ಬಿಳಿ ಬಟ್ಟೆಯನ್ನು ತಾನೇ ತೆಗೆದು ಕುತ್ತಿಗೆಗೆ ಸುತ್ತಿಕೊಂಡಳು.

ಅವನು ಕಣ್ಣು ಬಿಟ್ಟ.

ಕನ್ನಡಿಯಲ್ಲೇ ಅವಳನ್ನು ನೋಡಿದ. ಕೆಳಗೆ ಅಕ್ಷರ ಮೂಡಿತು: "ಯಾವಾಗ ಬಂದೆ? ಎಬ್ಬಿಸೋದಲ್ವಾ?"

"ನೀನು ಮಲಗಿದ್ದೆ" ಅಂದಳು ಹುಡುಗಿ.

ಶಾಲೆ ಬಿಟ್ಟು ನೇರ ಅಂಗಡಿಗೆ ಹೋಗಿ, ಎರಡನೆಯ ಕುರ್ಚಿ ಹತ್ತಿ, ಅಪ್ಪ ತಾನಾಗಿ ಏಳುವವರೆಗೆ ಕಾಯುತ್ತಿದ್ದೆ ನೀನು. ಆಗ ನೀವಿಬ್ಬರೂ ಆಡುತ್ತಿದ್ದ ಆ ಮಾತುಗಳನ್ನು ನಾನು ಮರೆತಿದ್ದೆ. ಅವರು ಮರೆತಿರಲಿಲ್ಲ. ಅಕ್ಷರ ಮೂಡುವ ಮೊದಲೇ ಅವರ ತುಟಿ ಆಡಿತು.

ಆಮೇಲೆ ಕ್ಷೌರಿಕ ಎದ್ದು ಹುಡುಗಿಯ ಮುಂಗೂದಲು ಕತ್ತರಿಸುತ್ತಾನಲ್ಲ, ಆ ಕೈಗಳನ್ನು ಅವರು ನೋಡಿದ ರೀತಿ ನಾನು ಬರೆಯಲಾರೆ. ಎಷ್ಟು ಸ್ಥಿರವಾಗಿ ಬಿಡಿಸಿದ್ದೀಯೆ ಆ ಕೈಗಳನ್ನು! "ಹೀಗೇ ಇತ್ತು" ಅಂದರು. ಅಷ್ಟೇ. ಊರು ಎದ್ದಿತು, ಗಂಟೆ ಹೊಡೆಯಿತು, ನಿನ್ನ ಹೆಸರೂ ಸೋಡಾಬುಡ್ಡಿಯ ಹೆಸರೂ ಆಕಾಶದಲ್ಲಿ ತೇಲಿಹೋದವು. ತಿರುಗಿ ನೋಡಿದರೆ ನಿನ್ನಪ್ಪ ಕುರ್ಚಿಗೆ ಒರಗಿ ಬಾಯಿ ತೆರೆದು ನಿದ್ದೆಹೋಗಿದ್ದಾರೆ. ಪರದೆ ಕತ್ತಲಾಗುವವರೆಗೆ ನಾನು ಅಲುಗಾಡಲಿಲ್ಲ.

ಆದ್ದರಿಂದ ನಿನ್ನ ಗೆಳತಿಗೆ ನನ್ನ ಉತ್ತರ ಹೇಳಿಬಿಟ್ಟಿದ್ದೇನೆ, ಏನೂ ಬದಲಿಸಬೇಡ ಎಂದು. ನಿನ್ನದು ಬೇರೆಯಾಗಿದ್ದರೆ ಚಿಕ್ಕಮ್ಮನ ಫೋನಿನಿಂದ ತಿಳಿಸು. ಇವತ್ತು ಬೆಳಿಗ್ಗೆ ಒಬ್ಬಾಕೆ ಬರೆದಿದ್ದಳು: "ಅವನನ್ನ ಎಬ್ಬಿಸೋದು ಬಿಟ್ಟಿದೀನಿ. ಆಟ ತೆರೆದಿಟ್ಟು ತರಕಾರಿ ಹೆಚ್ಚುತ್ತೀನಿ. ಜೊತೆಗೆ ಯಾರೋ ಇದ್ದಾರೆ ಅನ್ಸುತ್ತೆ." ಆಕೆ ಹುಡುಗಿಯನ್ನು ಎಲ್ಲಿ ನಿಲ್ಲಿಸಿದ್ದಾಳೋ! ಕುರ್ಚಿಯಲ್ಲಿ ಕೂರಿಸಮ್ಮ ಎಂದು ಬರೆಯಲು ಬೆರಳು ತುರಿಸಿತು. ತಡೆದುಕೊಂಡೆ.

ನೆಗಡಿಯಾಗದಂತೆ ನೋಡಿಕೋ. ತಲೆ ಒದ್ದೆಯಿಟ್ಟುಕೊಂಡು ದಡದಲ್ಲಿ ಕೂರಬೇಡ.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮ

ತಾ.ಕ.: ಅಂಟಿಸುವ ಮೊದಲೇ ನಿನ್ನಪ್ಪ ಬಂದುಬಿಟ್ಟರು. "ಅವಳಿಗಾ? ಓದು" ಅಂದರು. ಓದಿದೆ. ಕೈಯ ಮಾತು ಬಂದಲ್ಲಿ ನಿಲ್ಲಿಸಿ, ಈ ಪುಟ ಹರಿದುಹಾಕಲೇ ಎಂದು ಕೇಳಿದೆ. "ಬೇಡ, ಇರಲಿ" ಅಂದು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಲಕೋಟೆಯ ಮೇಲೆ ಅಂಕುಡೊಂಕಾಗಿ ನಿನ್ನ ಹೆಸರು ಬರೆದದ್ದು ಯಾವುದೋ ಮಗು ಎಂದುಕೊಂಡಿದ್ದರೆ, ಅದನ್ನು ಇನ್ನೊಮ್ಮೆ ಎತ್ತಿ ನೋಡು. ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ನಾನು ಕಾಯಿಸಿಟ್ಟ ಹಾಲು ತಣ್ಣಗಾಗಿತ್ತು. ನನಗೆ ಬರೆಯಲು ಬಿಡಲಿಲ್ಲ.